ಮೀನು ಮಂಕಾದರೆ ಮೊದಲು ನೀರು ನೋಡಿ

ಬೆಂಗಳೂರಿನ ರಸೆಲ್ ಮಾರ್ಕೆಟ್ ಕಡೆಯ ಅಕ್ವೇರಿಯಂ ಅಂಗಡಿಗಳಲ್ಲಿ ಗಪ್ಪಿ, ಗೋಲ್ಡ್‌ಫಿಶ್, ಏಂಜೆಲ್‌ಗಳೆಲ್ಲ ದೊಡ್ಡ ತೊಟ್ಟಿಗಳಲ್ಲಿ ಹಿಂಡುಹಿಂಡಾಗಿ ಓಡಾಡಿಕೊಂಡಿರುತ್ತವೆ. ಫೈಟರ್ ಮೀನಿನದು ಮಾತ್ರ ಏಕಾಂತವಾಸ. ಒಂದೊಂದಕ್ಕೂ ಒಂದೊಂದು ಪುಟ್ಟ ಬಾಟಲಿ, ಅದರಲ್ಲಿ ಲೋಟದಷ್ಟು ನೀರು. ಕಡುನೀಲಿ, ರಕ್ತಗೆಂಪು, ಹಾಲುಬಿಳುಪು ಬಣ್ಣದ ಉದ್ದುದ್ದ ಈಜುರೆಕ್ಕೆಗಳನ್ನು ಆ ಇಕ್ಕಟ್ಟಿನಲ್ಲೇ ಬಿಚ್ಚಿ ತೋರಿಸುತ್ತಿರುತ್ತದೆ. ಮಕ್ಕಳು ಹಟ ಹಿಡಿಯಲು ಅಷ್ಟು ಸಾಕು. ಅಪ್ಪ ಅಮ್ಮ ಹಿಂದೆಮುಂದೆ ನೋಡಿದರೆ ಅಂಗಡಿಯವರ ಮಾತು ಸಿದ್ಧವಿರುತ್ತದೆ: ‘ಇದಕ್ಕೇನೂ ಬೇಡ ಸಾರ್. ಫಿಲ್ಟರ್ ಬೇಡ, ಏರ್ ಪಂಪ್ ಬೇಡ. ದಿನಾ ನಾಲ್ಕು ಕಾಳು ಹಾಕಿ, ವಾರಕ್ಕೊಂದ್ಸಲ ನೀರು ಚೇಂಜ್ ಮಾಡಿ, ಅಷ್ಟೇ.’

ಮೊದಲ ಕೆಲವು ವಾರ ಆ ಮಾತು ನಿಜವೆಂದೇ ಅನ್ನಿಸುತ್ತದೆ. ಗಾಜಿನ ಬೌಲ್ ಟಿವಿ ಪಕ್ಕ ಕೂರುತ್ತದೆ, ಮೀನಿಗೊಂದು ಹೆಸರೂ ಬೀಳುತ್ತದೆ. ಆಮೇಲೊಂದು ದಿನ ಅದು ತಳ ಹಿಡಿದು ಮಲಗುತ್ತದೆ. ಅರಳಿದ್ದ ಈಜುರೆಕ್ಕೆಗಳು ಮೈಗೆ ಅಂಟಿಕೊಳ್ಳುತ್ತವೆ, ಬಣ್ಣ ಮಾಸುತ್ತದೆ. ಕಾಳು ಹಾಕಿದರೆ ಬಾಯಿಗೆ ತೆಗೆದುಕೊಂಡು ಉಗುಳುತ್ತದೆ, ಇಲ್ಲವೇ ತಿರುಗಿಯೂ ನೋಡುವುದಿಲ್ಲ. ಮನೆಯವರು ಓಡಿಹೋಗಿ ಅದೇ ಅಂಗಡಿಯವರನ್ನು ‘ಯಾವ ಔಷಧಿ ಹಾಕಬೇಕು?’ ಎಂದು ಕೇಳುತ್ತಾರೆ. ಅವರು ನೀಲಿಯದೋ ಹಳದಿಯದೋ ಒಂದು ಬಾಟಲಿ ಕೊಡುತ್ತಾರೆ.

ಕೇಳಬೇಕಾದ ಪ್ರಶ್ನೆ ಬೇರೆ: ನೀರು ಹೇಗಿದೆ? ಮನೆಗಳಲ್ಲಿ ಸಾಕಿದ ಫೈಟರ್ ಮೀನುಗಳ ಕಾಯಿಲೆಯನ್ನು ಕೆದಕುತ್ತ ಹೋದರೆ ಬಹುಪಾಲು ಸಂದರ್ಭಗಳಲ್ಲಿ ಸಿಗುವ ಮೂಲ ಕಾರಣ ಬೌಲ್‌ನಲ್ಲಿ ಸೇರಿಕೊಂಡ ಅಮೋನಿಯಾ, ಇಲ್ಲವೇ ನೀರಿನ ತಣುಪು. ರೋಗಾಣುಗಳು ಬರುವುದು ಅದರ ಬೆನ್ನಿಗೆ.

ಗದ್ದೆಯಿಂದ ಬಂದ ಮೀನು

ನಾವು ಫೈಟರ್ ಎನ್ನುವ, ಹವ್ಯಾಸಿಗಳು ಬೆಟ್ಟಾ ಎನ್ನುವ ಈ ಮೀನಿನ ವೈಜ್ಞಾನಿಕ ಹೆಸರು ಬೆಟ್ಟಾ ಸ್ಪ್ಲೆಂಡೆನ್ಸ್. 1910ರಲ್ಲಿ ಈ ಹೆಸರಿಟ್ಟವರು ಬ್ರಿಟಿಷ್ ಮತ್ಸ್ಯವಿಜ್ಞಾನಿ ಚಾರ್ಲ್ಸ್ ಟೇಟ್ ರೇಗನ್. ತವರು ಥಾಯ್ಲೆಂಡಿನ ಚಾವೊ ಫ್ರಾಯಾ ನದಿ ಬಯಲಿನ ಭತ್ತದ ಗದ್ದೆ, ಜೌಗು, ಕಾಲುವೆಗಳು. ಅಲ್ಲಿನವರು ಕಾಳಗಕ್ಕೆಂದು ಇದನ್ನು ತಲೆತಲಾಂತರದಿಂದ ಸಾಕುತ್ತ ಬಂದಿದ್ದಾರೆ. ಮನುಷ್ಯರು ಇದನ್ನು ಪಳಗಿಸತೊಡಗಿ ಕನಿಷ್ಠ ಸಾವಿರ ವರ್ಷವಾಗಿದೆ ಎಂದು 2022ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ಹೇಳಿತು. 2019ರಲ್ಲಿ ಥಾಯ್ಲೆಂಡ್ ಸರ್ಕಾರ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ನಮ್ಮ ಅಂಗಡಿಗಳಿಗೆ ಬರುವ ಮೀನುಗಳು ಥಾಯ್ಲೆಂಡಿನಿಂದಲೇ ಬರಬೇಕೆಂದಿಲ್ಲ. ಚೆನ್ನೈನ ಕೊಳತ್ತೂರು ಅಲಂಕಾರಿಕ ಮೀನು ಸಾಕಣೆಗೆ, ವ್ಯಾಪಾರಕ್ಕೆ ಹೆಸರಾದ ಜಾಗ.

‘ಗೊರಸಿನ ಗುರುತಿನಲ್ಲಿ ನಿಂತ ನೀರಲ್ಲೂ ಬದುಕುವ ಮೀನು, ಬೌಲ್ ಯಾಕೆ ಸಾಲದು?’ ಎಂದು ವಾದಿಸುವವರಿದ್ದಾರೆ. ಬೇಸಿಗೆಯಲ್ಲಿ ಗದ್ದೆ ಒಣಗಿದಾಗ ಅಂಥ ಗುಂಡಿಗಳಲ್ಲಿ ಕೆಲಕಾಲ ಜೀವ ಹಿಡಿದುಕೊಂಡಿರುವುದು ಹೌದು. ಅದು ಆಪತ್ಕಾಲದ ಬದುಕು. ಉಳಿದ ದಿನಗಳಲ್ಲಿ ಅದರ ಪಾಲಿಗಿರುವುದು ಎಕರೆಗಟ್ಟಲೆ ಹರಡಿದ, ಬಿಸಿಲಿಗೆ ಬೆಚ್ಚಗಾದ, ಕಳೆ ಸಸ್ಯಗಳು ತುಂಬಿದ ನೀರು. ಆ ನೀರಿನಲ್ಲಿ ಒಂದು ಮೀನಿನ ಮಲಮೂತ್ರ ಲೆಕ್ಕಕ್ಕೇ ಬರುವುದಿಲ್ಲ. ಬಂದಷ್ಟನ್ನೂ ಸಸ್ಯಗಳೂ ಬ್ಯಾಕ್ಟೀರಿಯಾಗಳೂ ಬಳಸಿಕೊಳ್ಳುತ್ತವೆ.

ವರವೇ ಮುಳುವಾಗುವ ಬಗೆ

ಕಿವಿರುಗಳ ಮೇಲ್ಭಾಗದಲ್ಲಿ ಈ ಮೀನಿಗೆ ಲ್ಯಾಬಿರಿಂತ್ ಎಂಬ ಅಂಗವಿದೆ. ಮಡಿಕೆ ಮಡಿಕೆಯಾಗಿರುವ, ರಕ್ತನಾಳಗಳಿಂದ ತುಂಬಿದ ಈ ಅಂಗದ ನೆರವಿನಿಂದ ಅದು ನೀರಿನ ಮೇಲಕ್ಕೆ ಬಂದು ನೇರವಾಗಿ ಗಾಳಿಯನ್ನೇ ಉಸಿರಾಡುತ್ತದೆ. ಗೌರಾಮಿ ಮೀನುಗಳಿಗೂ ಇದು ಇದೆ. ನೀರಿನಲ್ಲಿ ಆಮ್ಲಜನಕ ಇಳಿದಾಗ ಬೇರೆ ಮೀನುಗಳು ಗಂಟೆಗಳಲ್ಲಿ ಸಾಯುತ್ತವೆ, ಫೈಟರ್ ಸಾಯುವುದಿಲ್ಲ.

ಸಾಯುವುದಿಲ್ಲ ಎಂಬುದನ್ನೇ ನಾವು ಚೆನ್ನಾಗಿದೆ ಎಂದು ಓದಿಕೊಳ್ಳುತ್ತೇವೆ. ಎಡವಟ್ಟಾಗುವುದು ಇಲ್ಲೇ. ಗಾಳಿ ಕುಡಿಯುವ ಶಕ್ತಿ ಉಸಿರುಗಟ್ಟುವುದನ್ನಷ್ಟೇ ತಪ್ಪಿಸುತ್ತದೆ. ನೀರಿನಲ್ಲಿ ಕರಗಿದ ವಿಷ ಕಿವಿರನ್ನು, ಚರ್ಮವನ್ನು ಸುಡುವುದನ್ನು ಅದು ತಡೆಯಲಾರದು. ಹೊಗೆ ತುಂಬಿದ ಅಡುಗೆಮನೆಯಲ್ಲಿ ಕಿಟಕಿಗೆ ಮೂಗಿಟ್ಟುಕೊಂಡು ದಿನ ದೂಡಿದಂಥ ಬಾಳು ಅದು. ಬೇರೆ ಮೀನಾಗಿದ್ದರೆ ಬೇಗನೆ ಸತ್ತು ನಮ್ಮ ಕಣ್ಣು ತೆರೆಸುತ್ತಿತ್ತು. ಫೈಟರ್ ತಿಂಗಳುಗಟ್ಟಲೆ ಸಹಿಸಿಕೊಂಡು, ಕೊನೆಗೆ ಕೈಲಾಗದೆ ತಳ ಹಿಡಿಯುತ್ತದೆ. ನಮಗೆ ಅದು ‘ನಿನ್ನೆವರೆಗೂ ಚೆನ್ನಾಗಿತ್ತು, ಇವತ್ತು ಇದ್ದಕ್ಕಿದ್ದಂತೆ’ ಎಂದು ಕಾಣುತ್ತದೆ.

ಕಣ್ಣಿಗೆ ಕಾಣದ ವಿಷ

ಮೀನಿನ ಮಲಮೂತ್ರ, ಕಿವಿರಿನಿಂದ ಹೊರಬರುವ ತ್ಯಾಜ್ಯ, ತಳದಲ್ಲಿ ಕೊಳೆಯುವ ಆಹಾರ ಇವೆಲ್ಲದರಿಂದ ನೀರಿಗೆ ಸೇರುವುದು ಅಮೋನಿಯಾ. ನೆಲೆಗೊಂಡ ತೊಟ್ಟಿಯಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಮೊದಲೆರಡೂ ವಿಷ, ಮೂರನೆಯದು ಅಷ್ಟು ಅಪಾಯಕಾರಿಯಲ್ಲ, ಕಾಲಕಾಲಕ್ಕೆ ನೀರು ಬದಲಿಸಿದರೆ ಹತೋಟಿಯಲ್ಲಿರುತ್ತದೆ. ಈ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜು, ಜಲ್ಲಿ, ಸಸ್ಯಗಳ ಮೇಲೆ ಬೇರೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಫಿಲ್ಟರ್ ಇಲ್ಲದ ಬೌಲ್‌ನಲ್ಲಿ ಅವು ಬೇಕಾದಷ್ಟು ಬೆಳೆಯುವುದೇ ಇಲ್ಲ. ಇದ್ದ ಕೆಲವನ್ನೂ ನಾವು ವಾರಕ್ಕೊಮ್ಮೆ ಬೌಲ್ ಬರಿದು ಮಾಡಿ, ಜಲ್ಲಿಯನ್ನು ತಿಕ್ಕಿ ತೊಳೆದು ಕೊಲ್ಲುತ್ತೇವೆ.

ನೀರು ತಿಳಿಯಾಗಿದೆ ಎಂದರೆ ಶುದ್ಧವಾಗಿದೆ ಎಂದಲ್ಲ. ಅಮೋನಿಯಾಕ್ಕೆ ಬಣ್ಣವಿಲ್ಲ, ಮೀನನ್ನು ಸುಡುವ ಪ್ರಮಾಣದಲ್ಲಿ ವಾಸನೆಯೂ ನಮ್ಮ ಮೂಗಿಗೆ ಬರುವುದಿಲ್ಲ. ಟೆಸ್ಟ್ ಕಿಟ್ ಒಂದೇ ದಾರಿ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಲೀಟರಿಗೆ 20 ಮಿಲಿಗ್ರಾಂ ಆಸುಪಾಸು ಇದ್ದರೆ ನೀರು ಸರಿ ಎಂದರ್ಥ.

ಇದರಲ್ಲಿ ನಮ್ಮೂರಿನವರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಅಮೋನಿಯಾದ ವಿಷ ನೀರಿನ ಪಿಎಚ್ ಮೇಲೆ ನಿಂತಿರುತ್ತದೆ. ಪಿಎಚ್ 7ರಿಂದ 8ಕ್ಕೆ ಏರಿದರೆ ಅದರ ವಿಷರೂಪದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಬಯಲುಸೀಮೆಯ, ಬೆಂಗಳೂರಿನ ಎಷ್ಟೋ ಬೋರ್‌ವೆಲ್‌ಗಳ ನೀರು ಗಡಸು, ಪಿಎಚ್ ಕೂಡ ಏರಿನಲ್ಲಿರುತ್ತದೆ. ಬಹುಕಾಲ ನೀರು ಬದಲಿಸದ ಬೌಲ್‌ನಲ್ಲಿ ಪಿಎಚ್ ಇಳಿದಿರುತ್ತದೆ, ಅಮೋನಿಯಾ ತುಂಬಿದ್ದರೂ ಹೆಚ್ಚು ಪಾಲು ನಿರುಪದ್ರವಿ ರೂಪದಲ್ಲಿರುತ್ತದೆ. ಅಂಥ ನೀರಿಗೆ ಗಾಬರಿಯಲ್ಲಿ ಗಡಸು ಬೋರ್‌ವೆಲ್ ನೀರನ್ನು ಸುರಿದರೆ ಪಿಎಚ್ ಸರ್ರನೆ ಏರಿ, ಉಳಿದಿದ್ದ ಅಮೋನಿಯಾ ಒಮ್ಮೆಗೇ ವಿಷವಾಗುತ್ತದೆ. ‘ನೀರು ಬದಲಿಸಿದ ಮೇಲೆಯೇ ಮೀನು ಸತ್ತಿತು’ ಎಂಬ ದೂರಿಗೆ ಇದೂ ಒಂದು ಕಾರಣ.

ನಲ್ಲಿ ನೀರಿನದು ಬೇರೆ ಕತೆ. ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಂಡು ಬೆಂಗಳೂರಿಗೆ ಬರುವ ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ನಮಗದು ರಕ್ಷಣೆ, ಮೀನಿನ ಕಿವಿರಿಗೆ ಬೆಂಕಿ. ಅಗಲ ಬಾಯಿಯ ಬಕೆಟ್‌ನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಬಹುಮಟ್ಟಿಗೆ ಹೊರಟುಹೋಗುತ್ತದೆ. ಕಾಯಲು ಸಮಯವಿಲ್ಲವೆಂದರೆ ಅಂಗಡಿಗಳಲ್ಲಿ ಸಿಗುವ ಆಂಟಿ ಕ್ಲೋರಿನ್ ದ್ರಾವಣದ ಕೆಲವು ಹನಿ ಸಾಕು.

ಚಳಿಗಾಲದ ಮೌನ

ಫೈಟರ್ ಮೀನಿಗೆ ಹಿತವಾದ ಬಿಸಿ 24ರಿಂದ 28 ಡಿಗ್ರಿ ಸೆಲ್ಸಿಯಸ್. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಬೆಂಗಳೂರು, ಹಾಸನ, ಚಿಕ್ಕಮಗಳೂರು, ಮಡಿಕೇರಿಯ ಮನೆಗಳ ಪುಟ್ಟ ಬೌಲ್‌ಗಳಲ್ಲಿ ನೀರು 20 ಡಿಗ್ರಿ ಅಥವಾ ಅದಕ್ಕೂ ಕೆಳಗೆ ಇಳಿಯುತ್ತದೆ. ಮೀನು ಶೀತರಕ್ತದ ಪ್ರಾಣಿ. ನೀರು ತಣ್ಣಗಾದರೆ ಅದರ ಜೀರ್ಣಶಕ್ತಿ, ರೋಗನಿರೋಧಕ ಶಕ್ತಿ ಎರಡೂ ಕುಗ್ಗುತ್ತವೆ. ಚಳಿಗಾಲದಲ್ಲಿ ಮೀನು ಮಂಕಾಯಿತೆಂದು ಬರುವ ಎಷ್ಟೋ ದೂರುಗಳಿಗೆ ಥರ್ಮೋಸ್ಟಾಟ್ ಇರುವ ಪುಟ್ಟ ಹೀಟರ್ ಒಂದೇ ಪರಿಹಾರ. 20 ಲೀಟರ್ ತೊಟ್ಟಿಗೆ 25 ವಾಟ್‌ನದು ಸಾಕು. ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗೆ ವರ್ಷದ ಬಹುಪಾಲು ಇದರ ಗೊಡವೆಯೇ ಇಲ್ಲ.

ಹೀಟರ್ ಬೌಲ್‌ನಲ್ಲಿ ಕೂರುವುದಿಲ್ಲ, ಫಿಲ್ಟರೂ ಕೂರುವುದಿಲ್ಲ. ಹಾಗಾಗಿ ಮಾತು ತೊಟ್ಟಿಯ ಗಾತ್ರಕ್ಕೇ ಬಂದು ನಿಲ್ಲುತ್ತದೆ. ಒಂದು ಫೈಟರ್ ಮೀನಿಗೆ ಕನಿಷ್ಠ ಹತ್ತು ಲೀಟರ್, ಸಾಧ್ಯವಾದರೆ ಇಪ್ಪತ್ತು ಲೀಟರ್ ನೀರು, ಮೆಲ್ಲಗೆ ಓಡುವ ಸ್ಪಂಜ್ ಫಿಲ್ಟರ್, ಮೇಲೊಂದು ಮುಚ್ಚಳ. ಮೇಲ್ಮೈಯ ಗಾಳಿ ಬೆಚ್ಚಗಿರಲೆಂದು ಮುಚ್ಚಳ. ಜೊತೆಗೆ ಈ ಮೀನು ಹಾರುವುದರಲ್ಲೂ ನಿಸ್ಸೀಮ.

ಮೊದಲ ದಿನ ಏನು ಮಾಡಬೇಕು?

ಮೊದಲು ಅದು ನಿಜಕ್ಕೂ ಕಾಯಿಲೆಯೇ ಎಂದು ನೋಡಿ. ಎಲೆಯ ಮೇಲೆ ಒರಗಿ ನಿದ್ದೆ ಹೋಗುವುದು ಈ ಮೀನಿನ ಸ್ವಭಾವ. ರಾತ್ರಿ ಬಣ್ಣ ಕೊಂಚ ಪೇಲವವಾಗುವುದೂ ಸಹಜ. ಮಾರ್ಬಲ್ ತಳಿಯ ಮೀನು ತಿಂಗಳುಗಳಲ್ಲಿ ಬಣ್ಣವನ್ನೇ ಬದಲಿಸಿಬಿಡುತ್ತದೆ, ಅದೂ ರೋಗವಲ್ಲ. ಬೆರಳು ಗಾಜಿನ ಹತ್ತಿರ ತಂದಾಗ ತಿರುಗಿ ನೋಡುತ್ತದೆಯೇ, ಆಹಾರಕ್ಕೆ ಮುಂದೆ ಬರುತ್ತದೆಯೇ, ಈಜುರೆಕ್ಕೆ ಬಿಚ್ಚುತ್ತದೆಯೇ? ಈ ಮೂರಕ್ಕೂ ಹೌದು ಎಂದಾದರೆ ಗಾಬರಿ ಬೇಡ.

ಇಲ್ಲ ಎಂದಾದರೆ ಕೂತು ಐದು ನಿಮಿಷ ಸುಮ್ಮನೆ ಗಮನಿಸಿ. ಕಿವಿರಿನ ಮುಚ್ಚಳ ಎಷ್ಟು ವೇಗವಾಗಿ ಬಡಿಯುತ್ತಿದೆ, ಒಂದು ಕಡೆಯದು ಸ್ತಬ್ಧವಾಗಿದೆಯೇ, ಮೇಲೆ ಬಂದು ಮತ್ತೆ ಮತ್ತೆ ಗಾಳಿ ನುಂಗುತ್ತಿದೆಯೇ, ಜಲ್ಲಿಗೆ, ಗಾಜಿಗೆ ಮೈ ಉಜ್ಜುತ್ತಿದೆಯೇ ಎಂಬುದನ್ನು ಬರೆದಿಟ್ಟುಕೊಳ್ಳಿ. ಆಮೇಲೆ ಥರ್ಮಾಮೀಟರ್ ಇಳಿಬಿಡಿ, ಅಮೋನಿಯಾ ಪರೀಕ್ಷೆ ಮಾಡಿ. ಅಂದು ಆಹಾರ ನಿಲ್ಲಿಸಿ. ಆರೋಗ್ಯವಂತ ಮೀನು ಎರಡು ಮೂರು ದಿನದ ಉಪವಾಸವನ್ನು ಲೆಕ್ಕಿಸುವುದಿಲ್ಲ, ಕಾಯಿಲೆಯ ಮೀನು ಹೇಗೂ ತಿನ್ನುವುದಿಲ್ಲ. ಹಾಕಿದ್ದು ಕೊಳೆತು ಮತ್ತಷ್ಟು ಅಮೋನಿಯಾ ಆಗುತ್ತದೆ.

ಆನಂತರ ನೀರು. ಪೂರ್ತಿ ಬದಲಿಸಬೇಡಿ. ಮೀನನ್ನು ಅಲ್ಲೇ ಬಿಟ್ಟು, ತಳದ ಕಸ ಬರುವಂತೆ ಪೈಪಿನಿಂದ ಮೂರನೆಯ ಒಂದು ಭಾಗ ನೀರು ತೆಗೆಯಿರಿ. ಬಾಯಿಂದ ಎಳೆಯಬೇಡಿ, ಪೈಪನ್ನು ಮೊದಲೇ ನೀರು ತುಂಬಿಸಿ ಇಳಿಬಿಟ್ಟರೆ ತಾನಾಗಿ ಹರಿಯುತ್ತದೆ. ಕ್ಲೋರಿನ್ ಕಳೆದ, ಬಿಸಿಯಲ್ಲಿ ಹಳೆಯ ನೀರಿಗೆ ಸಮವಾದ ಹೊಸ ನೀರನ್ನು ಲೋಟದಿಂದ ಗಾಜಿನ ಗೋಡೆಗುಂಟ ನಿಧಾನವಾಗಿ ಹೊಯ್ಯಿರಿ. ಮಾರನೆಯ ದಿನ ಮತ್ತೆ ಅಷ್ಟೇ. ಫಿಲ್ಟರಿನ ಸ್ಪಂಜು ಹೊಲಸಾಗಿದ್ದರೆ ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ, ನಲ್ಲಿಯ ಕೆಳಗೆ ಹಿಡಿಯಬೇಡಿ. ಹೀಟರ್ ಹಾಕುವುದಾದರೆ ದಿನಕ್ಕೆ ಒಂದೆರಡು ಡಿಗ್ರಿಯಂತೆ ಏರಿಸಿ. ಔಷಧಿಯ ಹನಿ ಬೀಳುವ ಮೊದಲೇ ಎಷ್ಟೋ ಮೀನುಗಳು ಇಷ್ಟರಿಂದ ಕೆಲವೇ ದಿನಗಳಲ್ಲಿ ರೆಕ್ಕೆ ಬಿಚ್ಚುತ್ತವೆ.

ಗುರುತು ಹಿಡಿಯುವ ಬಗೆ

ನೀರು ಸರಿಹೋದ ಮೇಲೂ ಮೀನು ಚೇತರಿಸದಿದ್ದರೆ, ಅಥವಾ ಮೈಮೇಲೆ ಸ್ಪಷ್ಟ ಗುರುತು ಕಂಡರೆ, ರೋಗ ಯಾವುದೆಂದು ತಿಳಿಯಲೇಬೇಕು. ಒಂದಕ್ಕೆ ಮದ್ದಾಗುವುದು ಇನ್ನೊಂದಕ್ಕೆ ಮೃತ್ಯುವಾಗಬಹುದು.

ಮೈಮೇಲೆ, ಈಜುರೆಕ್ಕೆಗಳ ಮೇಲೆ ಉಪ್ಪಿನ ಹರಳಿನಷ್ಟು ಬಿಳಿ ಚುಕ್ಕೆಗಳು ಕಂಡರೆ ಅದು ಇಕ್ ಎಂಬ ಪರಾವಲಂಬಿ ಜೀವಿಯ ಕೆಲಸ. ಚುಕ್ಕೆಯೊಳಗೆ ಚರ್ಮದ ಕೆಳಗೆ ಅದು ಅಡಗಿರುವಾಗ ಯಾವ ಔಷಧಿಯೂ ತಾಗುವುದಿಲ್ಲ. ಬೆಳೆದ ಮೇಲೆ ಕಳಚಿ ತಳಕ್ಕೆ ಬಿದ್ದು, ಒಡೆದು ನೂರಾರು ಮರಿಗಳಾಗಿ ಹೊಸ ಮೀನು ಹುಡುಕಿ ಈಜುತ್ತದೆ. ಕೊಲ್ಲಲು ಸಾಧ್ಯವಿರುವುದು ಆ ಹಂತದಲ್ಲಿ ಮಾತ್ರ. ಚುಕ್ಕೆ ಮಾಯವಾಯಿತೆಂದು ಚಿಕಿತ್ಸೆ ನಿಲ್ಲಿಸಿದವರಿಗೆ ವಾರದಲ್ಲಿ ದುಪ್ಪಟ್ಟು ಚುಕ್ಕೆ ಕಾಣುವುದು ಇದಕ್ಕೇ. ನೀರಿನ ಬಿಸಿಯನ್ನು ನಿಧಾನವಾಗಿ 29-30 ಡಿಗ್ರಿಗೆ ಏರಿಸಿದರೆ ಅದರ ಜೀವನಚಕ್ರ ಬೇಗ ಮುಗಿಯುತ್ತದೆ. ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ, ಹಾಗಾಗಿ ಏರ್ ಪಂಪ್ ಜೊತೆಗಿರಲಿ. ಚುಕ್ಕೆ ಹೋದ ಮೇಲೂ ಒಂದು ವಾರ ಚಿಕಿತ್ಸೆ ಮುಂದುವರಿಯಬೇಕು.

ವೆಲ್ವೆಟ್ ಎಂಬ ರೋಗ ಇದಕ್ಕಿಂತ ಕಳ್ಳ. ಕೋಣೆಯ ದೀಪ ಆರಿಸಿ ಟಾರ್ಚನ್ನು ಮೀನಿನ ಬೆನ್ನಿಗೆ ಓರೆಯಾಗಿ ಹಿಡಿಯಿರಿ. ತಲೆಯ ಹಿಂಬದಿಯಲ್ಲಿ, ಕಿವಿರಿನ ಬಳಿ ನಸುಚಿನ್ನದ ಬಣ್ಣದ ನವಿರಾದ ಧೂಳು ಮಿನುಗಿದರೆ ಅದೇ ವೆಲ್ವೆಟ್. ತಿಳಿ ಬಣ್ಣದ ಮೀನಿನಲ್ಲಿ ಹಗಲು ಬೆಳಕಿಗೆ ಇದು ಕಾಣುವುದೇ ಇಲ್ಲ. ಈ ಪರಾವಲಂಬಿ ಬೆಳಕಿನಿಂದಲೂ ಆಹಾರ ತಯಾರಿಸಿಕೊಳ್ಳಬಲ್ಲದು. ಔಷಧಿಯ ಜೊತೆ ತೊಟ್ಟಿಗೆ ಕಪ್ಪು ಬಟ್ಟೆ ಹೊದಿಸುವುದೂ ಚಿಕಿತ್ಸೆಯ ಭಾಗ.

ಬಾಯಿಯ ಸುತ್ತ, ಬೆನ್ನಿನ ಮೇಲೆ ಬೂದುಬಿಳುಪಿನ ನಾರಿನಂಥ ತೇಪೆ ಕಂಡರೆ ಎಲ್ಲರೂ ಬೂಷ್ಟು ಎನ್ನುತ್ತಾರೆ. ಹಲವು ಸಲ ಅದು ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ ಸೋಂಕು. ಇಕ್‌ಗೆ ಮದ್ದಾದ ಬಿಸಿ ಇದನ್ನು ಕೆರಳಿಸುತ್ತದೆ, ಒಂದೆರಡು ದಿನದಲ್ಲಿ ಮೀನು ಹೋಗಿಬಿಡುತ್ತದೆ. ಗುರುತು ಖಚಿತವಾಗದೆ ಹೀಟರ್ ತಿರುಗಿಸಬಾರದು ಎನ್ನುವುದು ಇದಕ್ಕೆ.

ಈಜುರೆಕ್ಕೆಯ ಅಂಚು ಕಪ್ಪಾಗಿ ಅಥವಾ ಕೆಂಪಾಗಿ, ದಿನದಿನಕ್ಕೆ ಸವೆಯುತ್ತಿದ್ದರೆ ಅದು ಫಿನ್ ರಾಟ್, ಕೊಳೆನೀರಿನ ನೇರ ಫಲ. ರಾತ್ರೋರಾತ್ರಿ ಅಂಚು ಕತ್ತರಿಸಿದಂತಾಗಿದ್ದರೆ ಮೀನೇ ಬಾಲ ಕಚ್ಚಿಕೊಂಡಿರಬಹುದು, ಅಥವಾ ಪ್ಲಾಸ್ಟಿಕ್ ಗಿಡಕ್ಕೆ ಸಿಕ್ಕಿ ಹರಿದಿರಬಹುದು. ಎರಡಕ್ಕೂ ಶುದ್ಧ ನೀರೇ ಮೊದಲ ಮದ್ದು. ಗುಣವಾಗುವಾಗ ಅಂಚಿನಲ್ಲಿ ಪಾರದರ್ಶಕ ಪೊರೆ ಮೂಡುತ್ತದೆ. ಅದನ್ನು ಕಂಡು ಹೊಸ ರೋಗವೆಂದು ಬೆದರಬೇಡಿ.

ಹೊಟ್ಟೆ ಉಬ್ಬಿ, ಒಂದು ಪಕ್ಕಕ್ಕೆ ವಾಲಿ ತೇಲುತ್ತಿದ್ದರೆ ಬಹುಪಾಲು ಅದು ಅಜೀರ್ಣ. ಗದ್ದೆಯಲ್ಲಿ ಕೀಟ, ಸೊಳ್ಳೆ ಮರಿ ತಿಂದುಕೊಂಡಿದ್ದ ಮೀನಿಗೆ ನಾವು ಒಣ ಕಾಳು ತುಂಬುತ್ತೇವೆ. ಅದರ ಹೊಟ್ಟೆ ತೀರ ಚಿಕ್ಕದು. ಹೊತ್ತಿಗೆ ಎರಡು ಮೂರು ಕಾಳು ಸಾಕು. ಎರಡು ಮೂರು ದಿನದ ಉಪವಾಸ ಇಂಥ ಉಬ್ಬರವನ್ನು ಇಳಿಸುತ್ತದೆ. ಉಬ್ಬರದ ಜೊತೆ ಮೇಲಿನಿಂದ ನೋಡಿದಾಗ ಹುರುಪೆಗಳೆಲ್ಲ ಮೈಯಿಂದ ನೆಟ್ಟಗೆದ್ದು ನಿಂತಿದ್ದರೆ ಮಾತ್ರ ಪರಿಸ್ಥಿತಿ ಕೈಮೀರುತ್ತಿದೆ ಎಂದರ್ಥ. ಸಿಹಿನೀರಿನ ಮೀನಿನ ಮೈಯೊಳಗೆ ನೀರು ಸದಾ ನುಗ್ಗುತ್ತಿರುತ್ತದೆ, ಮೂತ್ರಪಿಂಡ ಅದನ್ನು ಹೊರಹಾಕುತ್ತಿರುತ್ತದೆ. ಮೂತ್ರಪಿಂಡ ಸೋತಾಗ ಮೈ ನೀರು ತುಂಬಿಕೊಂಡು ಹುರುಪೆ ಎತ್ತುತ್ತದೆ. ಡ್ರಾಪ್ಸಿ ಎಂದು ಕರೆಯುವ ಈ ಹಂತದಿಂದ ಹಿಂದಿರುಗುವ ಮೀನುಗಳು ಬಹಳ ಕಡಿಮೆ.

ಉಪ್ಪು, ಎಲೆ, ನೀಲಿ ಬಾಟಲಿ

ಮನೆಮದ್ದುಗಳಲ್ಲಿ ಮೊದಲನೆಯದು ಉಪ್ಪು. ಏನೂ ಬೆರೆಸದ ಕಲ್ಲುಪ್ಪನ್ನು ಲೀಟರಿಗೆ ಒಂದು ಗ್ರಾಂನಂತೆ ಬೇರೆ ಪಾತ್ರೆಯಲ್ಲಿ ಪೂರ್ತಿ ಕರಗಿಸಿ ಸೇರಿಸಿದರೆ ಹಗುರ ಸೋಂಕುಗಳಿಗೆ, ಕಿವಿರಿನ ಉರಿಗೆ ಉಪಶಮನ. ಹತ್ತು ದಿನಕ್ಕಿಂತ ಹೆಚ್ಚು ಬೇಡ. ಉಪ್ಪು ಆವಿಯಾಗುವುದಿಲ್ಲ; ನೀರು ಬದಲಿಸಿದಾಗ ತೆಗೆದ ನೀರಿನ ಲೆಕ್ಕಕ್ಕಷ್ಟೇ ಮತ್ತೆ ಹಾಕಬೇಕು. ಉಬ್ಬರಕ್ಕೆ ಬಳಸುವ ಎಪ್ಸಮ್ ಸಾಲ್ಟ್ ಮೆಗ್ನೀಸಿಯಂ ಸಲ್ಫೇಟ್, ಅಡುಗೆ ಉಪ್ಪಿಗೂ ಅದಕ್ಕೂ ಸಂಬಂಧವಿಲ್ಲ.

ಎರಡನೆಯದು ಬಾದಾಮಿ ಎಲೆ. ನಮ್ಮ ಶಾಲೆಗಳ ಅಂಗಳದಲ್ಲಿ, ರಸ್ತೆ ಬದಿಯಲ್ಲಿ ಕೊಡೆಯಂತೆ ಹರಡಿ ನಿಲ್ಲುವ ಕಾಡುಬಾದಾಮಿ ಮರದ ಎಲೆಯನ್ನು ಥಾಯ್ಲೆಂಡಿನ ಸಾಕಣೆದಾರರು ಹಿಂದಿನಿಂದಲೂ ಬಳಸುತ್ತಾರೆ. ಅದರ ಟ್ಯಾನಿನ್ ನೀರನ್ನು ಚಹಾದ ಬಣ್ಣಕ್ಕೆ ತಿರುಗಿಸಿ, ಪಿಎಚ್ ಕೊಂಚ ಇಳಿಸಿ, ಬ್ಯಾಕ್ಟೀರಿಯಾ ಬೆಳವಣಿಗೆಗೆ ಅಲ್ಪಸ್ವಲ್ಪ ತಡೆಯೊಡ್ಡುತ್ತದೆ. ತಾನಾಗಿ ಉದುರಿ ಒಣಗಿದ ಎಲೆ, ಔಷಧಿ ಹೊಡೆಯದ ಮರದ್ದು, ತೊಳೆದು ಹಾಕಬೇಕು. ಇದು ಆರೈಕೆ, ಹತ್ತಿದ ರೋಗ ಇದೊಂದರಿಂದಲೇ ವಾಸಿಯಾಗುವುದಿಲ್ಲ.

ಮೂರನೆಯದು ಅಂಗಡಿಯ ನೀಲಿ ಬಾಟಲಿ, ಮೆಥಿಲೀನ್ ಬ್ಲೂ. ಬೂಷ್ಟಿಗೆ, ಕೆಲವು ಪರಾವಲಂಬಿಗಳಿಗೆ ಅದರ ಉಪಯೋಗ ನಿಜ. ತೊಟ್ಟಿಗೇ ಸುರಿದರೆ ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸತ್ತು ಅಮೋನಿಯಾ ಮತ್ತೆ ತಲೆಯೆತ್ತುತ್ತದೆ. ಮೀನನ್ನು ಬೇರೆ ಟಬ್ಬಿಗೆ ಹಾಕಿ ಬಳಸಬೇಕು. ಮನೆಯಲ್ಲಿ ಉಳಿದ ಆ್ಯಂಟಿಬಯಾಟಿಕ್ ಕ್ಯಾಪ್ಸೂಲನ್ನು ಬಿಚ್ಚಿ ನೀರಿಗೆ ಉದುರಿಸುವ ಅಭ್ಯಾಸ ಮಾತ್ರ ಬೇಡವೇ ಬೇಡ. ಪ್ರಮಾಣ ಗೊತ್ತಿಲ್ಲದ ಆ ಪ್ರಯೋಗದಿಂದ ಮೀನು ಉಳಿಯುವ ಭರವಸೆಯಿಲ್ಲ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಮೋರಿ ಸೇರುವುದು ಖಚಿತ. ಪಶುವೈದ್ಯರಲ್ಲಿ ಮೀನು ನೋಡುವವರು ವಿರಳ, ಆದರೂ ಕೇಳಿ ನೋಡಬೇಕು. ಮಂಗಳೂರಿನ ಮೀನುಗಾರಿಕೆ ಕಾಲೇಜಿನಂಥ ಕಡೆ ಮೀನಿನ ರೋಗವನ್ನೇ ಓದಿದ ತಜ್ಞರಿದ್ದಾರೆ. ಮೀನಿನ ಫೋಟೊ, ವಿಡಿಯೊ, ನೀರಿನ ಪರೀಕ್ಷೆಯ ಅಂಕಿಗಳನ್ನು ಸಿದ್ಧವಿಟ್ಟುಕೊಂಡು ಕೇಳಿದರೆ ಉತ್ತರ ಹೇಳಲು ಅವರಿಗೂ ಸುಲಭ.

ನಿಮ್ಮ ಕೈಯ ಬಗ್ಗೆಯೂ ಎಚ್ಚರ ಬೇಕು. ಮೀನುಗಳಲ್ಲಿ ಕ್ಷಯದಂಥ ರೋಗ ತರುವ ಮೈಕೊಬ್ಯಾಕ್ಟೀರಿಯಂ ಮರಿನಂ ಎಂಬ ಬ್ಯಾಕ್ಟೀರಿಯಾ ಗಾಯದ ಮೂಲಕ ಮನುಷ್ಯರ ಚರ್ಮಕ್ಕೂ ತಗಲುತ್ತದೆ. ಕೈಯಲ್ಲಿ ಗಾಯವಿದ್ದರೆ ಕೈಗವಸು ಹಾಕಿ, ಕೆಲಸ ಮುಗಿದ ಮೇಲೆ ಸೋಪಿನಿಂದ ತೊಳೆಯಿರಿ.

ವಯಸ್ಸಿನ ಲೆಕ್ಕ

ಫೈಟರ್ ಮೀನಿನ ಆಯುಸ್ಸೇ ಎರಡರಿಂದ ನಾಲ್ಕು ವರ್ಷ. ಗಂಡಿನ ಈಜುರೆಕ್ಕೆ ಪೂರ್ತಿ ಬೆಳೆದ ಮೇಲೆಯೇ ಮಾರಾಟಕ್ಕೆ ಬರುವುದರಿಂದ ಅಂಗಡಿಯಿಂದ ತರುವಾಗಲೇ ಅದಕ್ಕೆ ತಿಂಗಳುಗಳಾಗಿರುತ್ತವೆ. ಎರಡೂವರೆ ವರ್ಷ ನಿಮ್ಮ ಜೊತೆಗಿದ್ದ ಮೀನು ನಿಧಾನವಾಗಿ ಈಜಿದರೆ, ಮೇಲೆ ಬರಲು ಆಯಾಸಪಟ್ಟರೆ, ಅದು ಮುಪ್ಪು. ನೀರಿನ ಮಟ್ಟ ಕೊಂಚ ತಗ್ಗಿಸಿ, ಮೇಲ್ಮೈ ಹತ್ತಿರ ಒರಗಲು ಅಗಲ ಎಲೆಯ ಗಿಡವೊಂದನ್ನು ಇಟ್ಟರೆ ಅಷ್ಟೇ ದೊಡ್ಡ ಉಪಕಾರ. ಮನುಷ್ಯರ ಅಂದದ ಹುಚ್ಚಿನ ಬೆಲೆಯನ್ನೂ ಈ ಮೀನು ತೆರುತ್ತಿದೆ: ಹಾಫ್‌ಮೂನ್ ತಳಿಗಳಿಗೆ ತಮ್ಮ ರೆಕ್ಕೆಯ ಭಾರವೇ ಆಯಾಸ, ಡ್ರ್ಯಾಗನ್ ತಳಿಯ ಕೆಲವಕ್ಕೆ ದಪ್ಪ ಹುರುಪೆ ಕಣ್ಣಿನ ಮೇಲೂ ಬೆಳೆದು ಕುರುಡು ಬರುತ್ತದೆ.

ಉಳಿಯದು ಎಂದು ಖಚಿತವಾದಾಗ ಮೀನನ್ನು ಫ್ರೀಜರಿನಲ್ಲಿ ಇಡುವುದು, ಕಮೋಡಿಗೆ ಹಾಕಿ ನೀರು ಬಿಡುವುದು ಎರಡೂ ಕ್ರೌರ್ಯ. ಮೀನಿಗೆ ಅರಿವಳಿಕೆಯಾಗಿ ಲವಂಗದ ಎಣ್ಣೆ ಬಳಸುವ ಕ್ರಮವಿದೆ, ಅದನ್ನು ಪಶುವೈದ್ಯರನ್ನು ಕೇಳಿಯೇ ಮಾಡಬೇಕು. ಸಾಕಿ ಸಾಕಾಯಿತೆಂದು ಕೆರೆಗೆ ಬಿಡುವುದಂತೂ ಸಲ್ಲ. ಆಫ್ರಿಕನ್ ಕ್ಯಾಟ್‌ಫಿಶ್, ತಿಲಾಪಿಯಾಗಳ ಹಾವಳಿಯಿಂದ ನಮ್ಮ ಕೆರೆಗಳು ಈಗಾಗಲೇ ನಲುಗಿವೆ.

ಮಗುವಿಗೆ ಈ ಮೀನು ಕೊಡಿಸಬೇಕೆಂದಿರುವವರು ಮೀನನ್ನು ಕೊನೆಗೆ ಕೊಳ್ಳಿ. ಮೊದಲು ಇಪ್ಪತ್ತು ಲೀಟರಿನ ತೊಟ್ಟಿ, ಸ್ಪಂಜ್ ಫಿಲ್ಟರ್, ಥರ್ಮಾಮೀಟರ್, ಅಮೋನಿಯಾ ಮತ್ತು ನೈಟ್ರೈಟ್ ಟೆಸ್ಟ್ ಕಿಟ್. ತೊಟ್ಟಿಗೆ ನೀರು ತುಂಬಿಸಿ, ಫಿಲ್ಟರ್ ಓಡಿಸಿ, ಬ್ಯಾಕ್ಟೀರಿಯಾಗಳಿಗೆ ಆಹಾರವಾಗಲೆಂದು ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಉದುರಿಸುತ್ತ ಆರು ವಾರ ಕಾಯಿರಿ. ಕಿಟ್ ಎರಡಕ್ಕೂ ಸೊನ್ನೆ ತೋರಿಸಿದ ದಿನ ಮಗುವನ್ನು ಅಂಗಡಿಗೆ ಕರೆದುಕೊಂಡು ಹೋಗಿ. ಅಷ್ಟು ಕಾಯುವ ತಾಳ್ಮೆ ಮನೆಯಲ್ಲಿ ಇಲ್ಲವೆಂದಾದರೆ ಮೀನು ತರುವುದೇ ಬೇಡ.